ಭಾವನ ಸ್ವದೇಶಿ ವ್ರತ

ನಮ್ಮ ಭಾವ 2025ರ ದಸರಾದಿಂದ ಸ್ವದೇಶಿಯಾಗಿದ್ದಾರೆ. ಅದಕ್ಕೆ ಮುಂಚೆ ಯಾವ ದೇಶದವರಾಗಿದ್ದರು ಎಂದು ಕೇಳಿದರೆ ಅಕ್ಕ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಾಳೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50ರಷ್ಟು ಸುಂಕ ಜಡಿಯಿತು. ಸೆಪ್ಟೆಂಬರ್ 21ರ ಸಂಜೆ ಪ್ರಧಾನಿ ಟಿವಿಯಲ್ಲಿ ಬಂದು ಸ್ವದೇಶಿ ವಸ್ತುಗಳನ್ನೇ ಕೊಳ್ಳಿ ಎಂದರು. ಮಾರನೆಯ ದಿನ ನವರಾತ್ರಿಯ ಪಾಡ್ಯ. ಮಾಲೂರಿನಲ್ಲಿ ಮೂರು ತಲೆಮಾರಿನ ಹುಡುಗರಿಗೆ ಸಮಾಜ ಪಾಠ ಹೇಳಿ ನಿವೃತ್ತರಾದ ಭಾವನಿಗೆ ವ್ರತ ಹಿಡಿಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ.

ಮೊದಲ ಕೆಲಸ ಮನೆ ತಪಾಸಣೆ. ಕನ್ನಡಕದ ಮುಂದೊಂದು ಭೂತಗನ್ನಡಿ ಹಿಡಿದು ಶಾಂಪೂ ಸೀಸೆಯ ಬೆನ್ನು, ಟೂತ್‌ಪೇಸ್ಟಿನ ಹೊಟ್ಟೆ, ಮಿಕ್ಸಿಯ ತಳ ಎಲ್ಲವನ್ನೂ ಓದಿದರು. ಸ್ವದೇಶಿಗೆ ಒಂದು ರಾಶಿ, ವಿದೇಶಿಗೆ ಇನ್ನೊಂದು. ಅರ್ಧ ಗಂಟೆಯಲ್ಲಿ ಮೂರನೆಯ ರಾಶಿ ಹುಟ್ಟಿತು. ಅದರ ಹೆಸರು ಅನುಮಾನ. ಸೋಪು ತಯಾರಾದದ್ದು ಇಲ್ಲಿ, ಕಂಪನಿ ಹೊರಗಿನದು. ಟಾರ್ಚಿನ ಹೆಸರು ನಮ್ಮದು, ಹೊಟ್ಟೆಯೊಳಗಿನದೆಲ್ಲ ಚೀನಾದ್ದು. ಅನುಮಾನದ ರಾಶಿ ಬೆಳೆಬೆಳೆದು ಅಡುಗೆಮನೆಗೆ ನುಗ್ಗಿ, ತರಕಾರಿ ಹೆಚ್ಚಲೂ ಜಾಗವಿಲ್ಲದೆ ಅಕ್ಕ ಈಳಿಗೆ ಹಿಡಿದುಕೊಂಡು ನಿಂತಾಗ ತಪಾಸಣೆ ಮುಂದಕ್ಕೆ ಹೋಯಿತು. ಸೊಳ್ಳೆ ಬ್ಯಾಟು ಮಾತ್ರ ನಿಸ್ಸಂದೇಹವಾಗಿ ವಿದೇಶಿ ರಾಶಿಯಲ್ಲಿತ್ತು. ರಾತ್ರಿ ಮಾಲೂರಿನ ಅಪ್ಪಟ ಸ್ವದೇಶಿ ಸೊಳ್ಳೆಗಳು ಬಂದವು. ಹನ್ನೊಂದು ಗಂಟೆಯ ಹೊತ್ತಿಗೆ ಬ್ಯಾಟಿಗೆ ಅನುಮಾನದ ರಾಶಿಗೆ ಬಡ್ತಿ ಸಿಕ್ಕಿತ್ತು.

ಭಾವನನ್ನು ಗೇಲಿ ಮಾಡುವುದು ಸುಲಭ. ಆದರೆ ಅವರ ಮಾತಿಗೆ ಬೆನ್ನೆಲುಬಿದೆ. ಸ್ವದೇಶಿಯ ಪಾಠ ಹೇಳಿದ ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಉಳಿದ ನಂದಿ ಬೆಟ್ಟ ಆಗ ನಮ್ಮ ಕೋಲಾರ ಜಿಲ್ಲೆಯದೇ. 2007ರಲ್ಲಿ ಜಿಲ್ಲೆ ಒಡೆದಾಗ ಅದು ಚಿಕ್ಕಬಳ್ಳಾಪುರದ ಪಾಲಾಯಿತು, ಭಾವನಿಗೆ ಆ ಸಂಕಟ ಇನ್ನೂ ಇದೆ. ಆಗಿನ ಸ್ವದೇಶಿಗೆ ಭೂತಗನ್ನಡಿ ಬೇಕಿರಲಿಲ್ಲ. ಬಟ್ಟೆ ಮ್ಯಾಂಚೆಸ್ಟರಿನ ಮಿಲ್ಲಿನದೋ ಊರ ಮಗ್ಗದ್ದೋ ಎಂದು ಮುಟ್ಟಿದರೆ ಗೊತ್ತಾಗುತ್ತಿತ್ತು. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದೂ ಗೊತ್ತಿತ್ತು. ಈಗ ಭಾವನ ಮನೆಯ ನೆಲಕ್ಕೆ ಹಾಸಿರುವ ಟೈಲ್ಸ್ ಗುಜರಾತಿನ ಮೋರ್ಬಿಯದು, ಅದರ ಮೇಲಿನ ಹೆಸರು ಇಟಲಿಯದು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಮಾಲೂರಿನಲ್ಲಿ ಕೂತು, ಆ ನುಣುಪು ನೆಲದ ಮೇಲೆ ಕಾಲು ಚಾಚಿಕೊಂಡು ಭಾವ ಸ್ವದೇಶಿ ಬೋಧಿಸುತ್ತಾರೆ. ಮಾಲೂರಿನ ಹೆಂಚನ್ನು ಓಡಿಸಿದ್ದು ಇಂಗ್ಲೆಂಡೂ ಅಲ್ಲ, ಚೀನಾವೂ ಅಲ್ಲ. ನಮ್ಮೆಲ್ಲರ ಮೋಲ್ಡಿಂಗ್ ಮನೆಯ ಆಸೆ.

ವ್ರತಕ್ಕೆ ದೊಡ್ಡ ಪೆಟ್ಟು ಕೊಟ್ಟವನು ಅವರ ಮಗನೇ. ನನ್ನ ಸೋದರಳಿಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾನೆ. ಅವನ ಕೈಲಿದ್ದ ಐಫೋನ್ ನೋಡಿ ಭಾವ, "ನಮ್ಮ ಮೇಲೆ ಸುಂಕ ಹಾಕೋ ದೇಶದ ಫೋನು ಈ ಮನೇಲಿ ಬೇಡ" ಎಂದು ಗುಡುಗಿದರು.

"ಅಪ್ಪಾ, ಇದು ಕೋಲಾರದ್ದು" ಅಂದ ಅವನು.

ಸುಳ್ಳೇನಲ್ಲ. ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸಲು ಶುರು ಮಾಡಿದ್ದು 2020ರಲ್ಲಿ. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ಕೊಂಡರು. ವಿನ್ಯಾಸ ಕ್ಯಾಲಿಫೋರ್ನಿಯಾದ್ದು, ಚಿಪ್ಪು ತೈವಾನಿನದು, ಮಾಲೀಕರು ಟಾಟಾ, ಸ್ಕ್ರೂ ಬಿಗಿಯುವವಳು ಮುಳಬಾಗಿಲು ಕಡೆಯ ಹುಡುಗಿ. ಶಿಫ್ಟ್ ಬಿಡುವ ಹೊತ್ತಿಗೆ ನರಸಾಪುರದ ಹೆದ್ದಾರಿಯಲ್ಲಿ ನಿಂತು ನೋಡಬೇಕು. ಸಾಲು ಸಾಲು ಕಂಪನಿ ಬಸ್ಸು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರು ನಿದ್ದೆಗಣ್ಣಲ್ಲೇ ಸೀಟು ಹಿಡಿಯುತ್ತಾರೆ, ಅರ್ಧದಷ್ಟು ಮಂದಿ ಬಸ್ಸು ಹೊರಡುವ ಮುಂಚೆಯೇ ಕಿಟಕಿಗೆ ತಲೆ ಕೊಟ್ಟು ಮಲಗಿರುತ್ತಾರೆ. 2020ರ ಡಿಸೆಂಬರಿನಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಅದೇ ಕಾರ್ಖಾನೆಯ ಗಾಜು ಪುಡಿಪುಡಿಯಾಯಿತು. ಆವತ್ತು ಯಾರೂ ಫೋನು ಯಾವ ದೇಶದ್ದು ಎಂದು ಕೇಳಲಿಲ್ಲ, ಸಂಬಳ ಎಲ್ಲಿ ಅಂತ ಕೇಳಿದರು.

ಭಾವನ ಹೋಂಡಾ ಸ್ಕೂಟರಿನದೂ ಅದೇ ಕಥೆ. ಹೆಸರು ಜಪಾನಿನದು, ಕಾರ್ಖಾನೆ 2013ರಿಂದ ನರಸಾಪುರದಲ್ಲಿದೆ. "ಹಂಗಾದ್ರೆ ಭಾವ, ನೀವು ಸ್ಕೂಟರ್ ಇಟ್ಕೊಬಹುದು. ಐಫೋನನ್ನೂ ತೊಗೊಳ್ಳಬೇಕಾಗತ್ತೆ, ನಮ್ಮ ಜಿಲ್ಲೆಯ ಉತ್ಪನ್ನ" ಅಂದೆ. ಬೆಲೆ ಕೇಳಿದರು. ಹೇಳಿದೆ. ಆ ದಿನದಿಂದ ಸ್ವದೇಶಿಯೆಂದರೆ ಇಲ್ಲಿ ತಯಾರಾದದ್ದು ಮಾತ್ರವಲ್ಲ, ಕೈಗೆಟುಕುವಂಥದ್ದೂ ಆಗಿರಬೇಕು ಎಂಬ ತಿದ್ದುಪಡಿ ಬಂತು.

ಚಿನ್ನದ ವಿಷಯಕ್ಕೆ ತಿದ್ದುಪಡಿಯೇ ಬೇಕಾಗಲಿಲ್ಲ, ಅಕ್ಕ ಅದನ್ನು ಚರ್ಚೆಗೇ ಬಿಡಲಿಲ್ಲ. ನಮ್ಮದು ಚಿನ್ನದ ಜಿಲ್ಲೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಅಗೆದರು, 1956ರಲ್ಲಿ ಗಣಿ ಸರ್ಕಾರದ್ದಾಯಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಅಷ್ಟು ಜೀವ ತೆತ್ತು ತೆಗೆದ ಚಿನ್ನ ಒಟ್ಟು 800 ಟನ್‌ ಆಸುಪಾಸು ಎನ್ನುತ್ತಾರೆ. ಈಗ ಭಾರತ ಒಂದೇ ವರ್ಷಕ್ಕೆ ಏಳೆಂಟು ನೂರು ಟನ್ ಆಮದು ಮಾಡಿಕೊಳ್ಳುತ್ತದೆ. ಸೊಳ್ಳೆ ಬ್ಯಾಟಿನ ಬೆನ್ನು ಓದಿದ ಭಾವ ಅಕ್ಕನ ಎರಡೆಳೆ ಸರದ ಹತ್ತಿರ ಭೂತಗನ್ನಡಿ ಒಯ್ಯಲಿಲ್ಲ. ವಿವೇಕಿ ಮನುಷ್ಯ.

ವ್ರತ ನಿರ್ವಿಘ್ನವಾಗಿ ಸಾಗಲಿ ಎಂದು ನಾವಿಬ್ಬರೂ ಕುರುಡುಮಲೆ ಗಣಪತಿಗೆ ಹೋದೆವು. ಚುನಾವಣೆ ಬಂದರೆ ರಾಜಕಾರಣಿಗಳು ಪ್ರಚಾರಕ್ಕೆ ತೆಂಗಿನಕಾಯಿ ಒಡೆಯುವುದು ಅಲ್ಲೇ, ಹಾಗಾಗಿ ಅಸಾಧ್ಯ ಪ್ರತಿಜ್ಞೆಗಳ ಅಭ್ಯಾಸ ಆ ದೇವರಿಗಿದೆ. ಕೈಮುಗಿದು ಮುಳಬಾಗಿಲಿಗೆ ಬಂದು ದೋಸೆಗೆ ಕೂತೆವು. ಮುಳಬಾಗಿಲು ದೋಸೆ ಬೆಂಗಳೂರಿನ ಕಾಗದದಂಥ ದೋಸೆಯಲ್ಲ. ದಪ್ಪಗೆ, ಅಂಗೈಗಿಂತ ಕೊಂಚ ದೊಡ್ಡದು, ತಳ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಕೆಂಪು ಖಾರ ಸವರಿ, ಪಲ್ಯ ಇಟ್ಟು, ಸುತ್ತ ತುಪ್ಪ ಬಿಟ್ಟಿರುತ್ತಾರೆ. ಭಾವ ಕಣ್ಣುಮುಚ್ಚಿ, "ಇದಪ್ಪಾ ಸ್ವದೇಶಿ ಅಂದ್ರೆ" ಎಂದರು.

ನನಗೆ ಸುಮ್ಮನಿರಲಾಗಲಿಲ್ಲ. ಆಲೂಗೆಡ್ಡೆ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯನ್ನು ಆ ಕಡೆಯಿಂದ ತಂದವರು ಪೋರ್ಚುಗೀಸರು. ತುಪ್ಪ ನಂದಿನಿಯದೇ ಇರಬಹುದು, ಆದರೆ ನಮ್ಮ ಜಿಲ್ಲೆಯ ಕೊಟ್ಟಿಗೆಗಳಲ್ಲಿ ನಿಂತಿರುವ ಸೀಮೆ ಹಸುವಿನ ಮೂಲ ಹಾಲೆಂಡಿನ ಕಡೆಯದು. ಚಟ್ನಿಗೆ ಹಾಕಿದ ಟೊಮೆಟೊ ಮತ್ತೆ ಅಮೆರಿಕ ಖಂಡದ್ದೇ. "ಹೋಗಲಿ ಬಿಡಯ್ಯ, ಮನೇಲಿ ಮುದ್ದೆ ಇದೆ" ಅಂದರು ಭಾವ. ರಾಗಿ ಪೂರ್ವ ಆಫ್ರಿಕಾದಿಂದ ಬಂದದ್ದು. "ಸಾವಿರಾರು ವರ್ಷದಿಂದ ಬೆಳೀತಿದೀವಿ ಕಣೋ!" ಎಂದು ಅವರು ಸಿಡುಕಿದಾಗ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಮಾತು ನಿಜವೇ. ಬಂದು ನೆಲೆನಿಂತು ನಮ್ಮ ಹೊಟ್ಟೆ ತುಂಬಿದ್ದು ನಮ್ಮದೇ. ಆ ಲೆಕ್ಕಕ್ಕೆ ಟೊಮೆಟೊ ಕೂಡ ಈಗ ಕೋಲಾರದ ಮನೆಮಗಳು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಬೋರ್‌ವೆಲ್‌ಗಳು ಅದರಿಂದ ಮರುಜೀವ ಪಡೆದಿವೆ, ಆ ನೀರಲ್ಲಿ ಬೆಳೆದ ಟೊಮೆಟೊವನ್ನು ಬೆಂಗಳೂರಿನವರೇ ತಿನ್ನುತ್ತಾರೆ. ಇದಕ್ಕಿಂತ ಶುದ್ಧ ಸ್ವದೇಶಿ ನನಗೆ ಬೇರೆ ಕಾಣದು.

ಆದರೆ ಆ ಮನೆಮಗಳಿಗೆ ನಾವು ಕೊಟ್ಟ ಮರ್ಯಾದೆ ಎಂಥದ್ದು ನೋಡಿ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈಯಲ್ಲಿ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತು. ದೇಶವೇ ಹುಯಿಲಿಟ್ಟಿತು. ಆಗಸ್ಟಿನಲ್ಲಿ ನೇಪಾಳದಿಂದ ಟೊಮೆಟೊ ತರಿಸಲು ಶುರು ಮಾಡಿದ್ದನ್ನು ಹಣಕಾಸು ಸಚಿವರೇ ಲೋಕಸಭೆಯಲ್ಲಿ ಹೇಳಿದರು. ನಮ್ಮ ರೈತನಿಗೆ ನಾಲ್ಕು ಕಾಸು ಹುಟ್ಟಿದ ತಿಂಗಳಲ್ಲೇ ನಮಗೆ ವಿದೇಶಿ ಹಣ್ಣು ರುಚಿಸಿತು. ಅದೇ ಬಾಕ್ಸು ನೂರು ರೂಪಾಯಿಗಿಂತ ಕೆಳಗೆ ಬಿದ್ದು, ಕೀಳುವ ಕೂಲಿಯೂ ಹುಟ್ಟದೆ ಹಣ್ಣು ಹೊಲದಲ್ಲೇ ಕೊಳೆಯುವ ವರ್ಷಗಳೂ ಇವೆ. ಆಗ ದೇಶಾಭಿಮಾನಕ್ಕೆಂದು ಎರಡು ಕಿಲೋ ಜಾಸ್ತಿ ಕೊಂಡವರನ್ನು ನಾನು ಕಂಡಿಲ್ಲ. ಭಾವ ಕೂಡ ಕೊಳ್ಳಲಿಲ್ಲ. ದೋಸೆ ತಿಂದು ಬಂದ ದಿನ ಸಂಜೆ ಮಾಲೂರಿನ ಸಂತೆ ಬೀದಿಯಲ್ಲಿ ಗೋಣಿಚೀಲ ಹಾಸಿ ಕೂತಿದ್ದ ಅಜ್ಜಿಯ ಹತ್ತಿರ ಅವರ ವ್ಯಾಪಾರ ನಡೆಯಿತು.

"ಕಿಲೋ ಇಪ್ಪತ್ತಾ? ಹದಿನೈದಕ್ಕೆ ಕೊಡಮ್ಮ."

"ಬರಲ್ಲ ಸಾಮಿ. ಗಾಡಿ ಬಾಡಿಗೇನೇ ಆಗೋದಿಲ್ಲ."

"ಎರಡು ಕಿಲೋ ತೊಗೋತೀನಿ, ಮೂವತ್ತು ಮಾಡು."

ಅಜ್ಜಿ ಮೂವತ್ತಕ್ಕೇ ತೂಗಿ, ಮೇಲೆ ಎರಡು ಹಣ್ಣು ಕೊಸರು ಹಾಕಿದಳು. ಅಲ್ಲಿಂದ ನೇರ ಮೆಡಿಕಲ್ ಸ್ಟೋರಿಗೆ ಹೋದ ಭಾವ, ಪರದೇಶದ ಕಂಪನಿಯ ನೋವಿನ ಮುಲಾಮಿಗೆ ಟ್ಯೂಬಿನ ಮೇಲೆ ಅಚ್ಚಾದಷ್ಟು ಬೆಲೆಯನ್ನು ಮಾತಿಲ್ಲದೆ ಎಣಿಸಿಕೊಟ್ಟರು. ಭಾವನೊಬ್ಬರ ಜಾಯಮಾನವಲ್ಲ ಇದು. ಚೌಕಾಸಿಯೆಲ್ಲ ನೆಲದ ಮೇಲೆ ಕೂತವರ ಹತ್ತಿರ, ಗಾಜಿನ ಬಾಗಿಲ ಒಳಗೆ ಹೋದರೆ ನಮ್ಮ ನಾಲಗೆ ಬಿದ್ದುಹೋಗುತ್ತದೆ.

ಇನ್ನು ಸ್ವದೇಶದ ಗಡಿ ಎಲ್ಲಿ ಎಂಬ ಪ್ರಶ್ನೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ಮೊಸರು ತರುತ್ತೇನೆ ಎಂದಾಗ ಭಾವ ನಂದಿನಿ ಉಳಿಸಿ ಎಂದು ಫೋನಿನಲ್ಲೇ ಹೋರಾಡಿದರು. ನಾನೂ ಹೋರಾಡಿದೆ, ನಮ್ಮ ಹಳ್ಳಿಯ ಡೇರಿಯ ಬಟವಾಡೆಯಿಂದಲೇ ಎಷ್ಟೋ ಮನೆಯ ಮಕ್ಕಳ ಫೀಸು ಕಟ್ಟುವುದು. ಅಮುಲ್ ಕೂಡ ಗುಜರಾತಿನ ರೈತರದೇ ಸಹಕಾರ ಸಂಘ, ಅಚ್ಚ ಸ್ವದೇಶಿ. ಅದೇ ವರ್ಷ ನಂದಿನಿ ಕೇರಳದಲ್ಲಿ ಅಂಗಡಿ ತೆರೆದಾಗ ಅಲ್ಲಿಯ ಮಿಲ್ಮಾದವರು ನಾವು ಅಂದ ಮಾತನ್ನೇ ನಮಗೆ ಅಂದರು. ಮುಂದಿನ ವರ್ಷದ ಟಿ20 ವಿಶ್ವಕಪ್‌ನಲ್ಲಿ ನಂದಿನಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಅಂಗಿಯ ಮೇಲೇ ಕಾಣಿಸಿಕೊಂಡಿತು. ಕೇರಳದವರಿಗೆ ಬೇಡವಾದ ಹಾಲು ಸ್ಕಾಟ್ಲೆಂಡಿಗೆ ಸಲ್ಲುವುದೂ ಒಂದು ಯೋಗ.

2025ರ ಜೂನ್‌ನಲ್ಲಿ ಈ ಗಡಿಯ ಪೆಟ್ಟು ನಮ್ಮ ಜಿಲ್ಲೆಯ ಮಾವಿನ ಊರು ಶ್ರೀನಿವಾಸಪುರಕ್ಕೇ ಬಿತ್ತು. ಇಷ್ಟೆಲ್ಲ ಬೆಳೆಗಳ ನಡುವೆ ವಂಶಾವಳಿಯಲ್ಲಿ ತಕರಾರಿಲ್ಲದ ಸ್ವದೇಶಿ ಅಂದರೆ ಮಾವು. ನಮ್ಮ ತೋತಾಪುರಿ ಮೊದಲಿಂದಲೂ ಗಡಿ ದಾಟಿ ಚಿತ್ತೂರಿನ ಪಲ್ಪ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಅಲ್ಲಿಂದ ಡಬ್ಬಿಯಾಗಿ ಅರಬ್ಬರ ದೇಶಕ್ಕೋ, ಜ್ಯೂಸಿನ ಬಾಟಲಿಗೋ, ಎಲ್ಲಿಗೆ ಅನ್ನುವುದು ಹಣ್ಣಿಗೂ ತಿಳಿಯದು. ಆ ವರ್ಷ ಬೆಲೆ ಕುಸಿದಿತ್ತು. ತಮ್ಮ ರೈತರನ್ನು ಉಳಿಸಿಕೊಳ್ಳಲು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದು ಎಂದು ಆದೇಶಿಸಿತು. ಲಾರಿ, ಟ್ರ್ಯಾಕ್ಟರುಗಳು ಗಡಿಯಲ್ಲಿ ನಿಂತವು. ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಕ್ವಿಂಟಲಿಗೆ 1,616 ರೂಪಾಯಿ ದರ ಹಿಡಿದು ಎರಡೂವರೆ ಲಕ್ಷ ಟನ್ನಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವ ನಮ್ಮ ರಾಯಲ್ಪಾಡು ಕಡೆಯವರಿಗೆ ಹೊಲದಾಚೆಯ ನೆಂಟರ ಊರು ಆ ತಿಂಗಳು ಪರದೇಶವಾಗಿತ್ತು.

ಇದನ್ನೆಲ್ಲ ಹೇಳಿ, "ಭಾವ, ನಿಮ್ಮ ಸ್ವದೇಶ ಎಲ್ಲಿಂದ ಎಲ್ಲಿಗೆ?" ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ಅದನ್ನ ಸಮಾಜ ಪಾಠದಲ್ಲಿ ಕೊಟ್ಟಿರಲಿಲ್ಲ" ಅಂದರು.

ನನ್ನ ಮಟ್ಟಿಗೆ ಉತ್ತರವಿದೆ. ಹತ್ತಿರದವರ ಸರಕು ಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಬ್ಬಿಯ ಮೇಲಿನ ದೇಶದ ಹೆಸರು ಓದಿ ಕೊಂಡರಷ್ಟೇ ಸಾಲದು, ಬೆಳೆದವರು ಕೇಳಿದ ಬೆಲೆಯನ್ನೂ ಕೊಡಬೇಕು. ಅಷ್ಟು ಮಾಡಲು ತಯಾರಿಲ್ಲದವರು ಸೊಳ್ಳೆ ಬ್ಯಾಟನ್ನು ಬೈದು ಪ್ರಯೋಜನವಿಲ್ಲ. ಭಾವ ಇದನ್ನು ಇನ್ನೂ ಪೂರ್ತಿ ಒಪ್ಪಿಲ್ಲ, ಚೌಕಾಸಿ ಕೂಡ ನಮ್ಮ ಸ್ವದೇಶಿ ಪರಂಪರೆ ಎಂಬುದು ಅವರ ವಾದ.

ಮಾವಿನ ಕಾಲದಲ್ಲಿ ಕೋಲಾರದಿಂದ ಶ್ರೀನಿವಾಸಪುರದ ಕಡೆ ಬನ್ನಿ. ರಸ್ತೆ ಬದಿಯಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಹೇಳಿದ ರೇಟು ಕೊಟ್ಟು ಒಂದು ಬಾಕ್ಸ್ ಹಾಕಿಸಿಕೊಳ್ಳಿ. ತೋತಾಪುರಿಯನ್ನೂ ಮರೆಯಬೇಡಿ, ಅದನ್ನು ಹೋಳು ಮಾಡಿ ಉಪ್ಪು ಖಾರ ಹಚ್ಚಿ ತಿನ್ನಬೇಕು. ಭಾವ ಜೊತೆಗಿದ್ದರೆ ಖಾರದ ಪುಡಿಯ ಹುಟ್ಟೂರಿನ ಮಾತೆತ್ತಬೇಡಿ.