ಎರಡು ಕಿಂಡಿಯ ಕ್ಯಾಮೆರಾ

ಹುಣಸಗಿ ಸೀಮೆಗೆ ಸಲಕರಣೆ ಆರಿಸುವ ಕಸುಬು ಹೊಸದಲ್ಲ. ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಸುಣ್ಣಗಲ್ಲಿನ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ವಯಸ್ಸೆಂದು ಒಂದು ಲೆಕ್ಕವಿದೆ. ಆ ಕಾಲದವರು ಕೈಗೆ ಒಗ್ಗುವ ಚಪ್ಪಡಿ ಹುಡುಕಿ, ಅಂಚು ಕೆತ್ತಿ, ಕೆಲಸಕ್ಕೆ ಹಚ್ಚಿದರು. "ಇದು ಎಷ್ಟು ಮೆಗಾಪಿಕ್ಸೆಲ್ ಅದರೀ?" ಎಂದು ಕೇಳುವ ಬೀಗರು ಆಗ ಇರಲಿಲ್ಲ. ಇಂದಿನ ಮದುವೆ ಫೋಟೋಗ್ರಾಫರನಿಗೆ ಆ ಸುಖವಿಲ್ಲ. ಅಂಗಡಿಯವನೂ ಬೀಗರೂ ಸೇರಿ ಅವನನ್ನು ಮೆಗಾಪಿಕ್ಸೆಲ್ಲಿನ ಹೊಂಡಕ್ಕೆ ನೂಕುತ್ತಾರೆ. ನನ್ನ ವಾದ ಇಷ್ಟೇ: ಮದುವೆಗೆ ಕ್ಯಾಮೆರಾ ಬಾಡಿ ಕೊಳ್ಳುವವನು ಮೊದಲು ಎಣಿಸಬೇಕಾದದ್ದು ಕಾರ್ಡಿನ ಕಿಂಡಿಗಳನ್ನು.

ಮೆಗಾಪಿಕ್ಸೆಲ್ ಲೆಕ್ಕ ಬೇಗ ಮುಗಿಯುತ್ತದೆ. ನಮ್ಮ ಕಡೆಯ ಆಲ್ಬಮ್ಮಿನ ಹಾಳೆ ಬಿಚ್ಚಿದರೆ 12 ಇಂಚು ಅಗಲ, 36 ಇಂಚು ಉದ್ದ. ಒಂದು ಬದಿ 12×18. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೂ 3600×5400, ಅಂದರೆ 1 ಕೋಟಿ 94 ಲಕ್ಷ ಚುಕ್ಕೆ. 2014ರ ನಿಕಾನ್ ಡಿ750 ಆಗಲಿ, 2018ರ ಸೋನಿ ಎ7 ತ್ರೀ ಆಗಲಿ, 24 ಮೆಗಾಪಿಕ್ಸೆಲ್ ಕೊಟ್ಟು ಇನ್ನೂ ಕೈಯಲ್ಲಿ ಚಿಲ್ಲರೆ ಉಳಿಸುತ್ತವೆ. 45 ಮೆಗಾಪಿಕ್ಸೆಲ್ಲಿನ ಡಿ850 ತಂದರೆ ಹಾರ್ಡ್‌ಡಿಸ್ಕ್ ಅಂಗಡಿಯವನ ಮಗಳ ಮದುವೆಗೂ ನೀವೇ ಖರ್ಚು ಹಾಕಿದಂತೆ. ಮೂಲೆಯಲ್ಲಿ ನಿಂತ ಸೋದರಮಾವನನ್ನು ಕ್ರಾಪ್ ಮಾಡಿ ಹಿಗ್ಗಿಸಬಹುದಲ್ಲ ಎನ್ನುವವರಿದ್ದಾರೆ. ಸೋದರಮಾವ ಮೂಲೆಯಲ್ಲಿ ನಿಂತ ಮದುವೆ ಸುರಪುರದಿಂದ ನಾರಾಯಣಪುರದವರೆಗೆ ಎಲ್ಲಾದರೂ ನಡೆದಿದ್ದರೆ ಆಮೇಲೆ ಮಾತಾಡೋಣ.

ಕ್ಯಾಮೆರಾದ ನಿಜವಾದ ಪರೀಕ್ಷೆ ಅಕ್ಕಿಕಾಳು ಬೀಳುವ ಹೊತ್ತು. ಅಂತರಪಟ ಸರಿಯುತ್ತದೆ, ಬಾಜಾದವರು ಒಮ್ಮೆಲೇ ಏರುತ್ತಾರೆ, ಹಂದರದ ತುಂಬ ಕೈಗಳು ಏಳುತ್ತವೆ. ಬಾಸಿಂಗದ ಎಳೆಗಳ ಹಿಂದೆ ಅರ್ಧ ಕಂಡ ಕಣ್ಣಿಗೆ ಫೋಕಸ್ ಹಿಡಿಯಬೇಕಾದ ಕ್ಯಾಮೆರಾ, ನಡುವೆ ಹಾರಿಬಂದ ಅಕ್ಕಿಯ ಕಾಳೊಂದನ್ನು ಹಿಡಿದು ಕೂತರೆ ಆಲ್ಬಮ್ಮಿನಲ್ಲಿ ಅಕ್ಕಿಗೇ ಮದುವೆಯಾದಂತೆ. ಆದ್ದರಿಂದ ಕಣ್ಣು ಗುರುತಿಸುವ ಫೋಕಸ್ಸಿಗೆ ಕೊಟ್ಟ ದುಡ್ಡು ದಂಡವಲ್ಲ. ಇನ್ನು ಬಣ್ಣಬಣ್ಣದ ಎಲ್‌ಇಡಿ. ಅವುಗಳಲ್ಲಿ ಹಲವು 50 ಹರ್ಟ್ಜ್ ಕರೆಂಟಿನ ತಾಳಕ್ಕೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡವನಿಗೆ ಹುಡುಗಿಯ ಮುಖದ ಮೇಲೆ ಪಟ್ಟೆಪಟ್ಟೆ ಮೂಡಿ, ಅರಿಷಿಣ ಹಚ್ಚಿದ ಮುತ್ತೈದೆಯರ ಮೇಲೆ ವೃಥಾ ಅಪವಾದ ಬರುತ್ತದೆ. ಬಾಜಾ ಬಾರಿಸುವಲ್ಲಿ ಸದ್ದಿಲ್ಲದ ಶಟರ್ ಯಾರನ್ನು ಎಬ್ಬಿಸದಿರಲಿಕ್ಕೋ!

ಇಷ್ಟೆಲ್ಲ ಹಿಡಿದದ್ದು ಉಳಿಯುವುದು ಉಗುರಗಲದ ಕಾರ್ಡಿನಲ್ಲಿ. ಅದು ಮುನಿಸಿಕೊಂಡರೆ ಬೀಗರು ಮತ್ತೊಮ್ಮೆ ಅಕ್ಕಿ ಹಾಕುವುದಿಲ್ಲ. ಎರಡನೇ ಕಿಂಡಿಯ ಕಾರ್ಡಿನಲ್ಲಿ ಪ್ರತಿ ಚಿತ್ರಕ್ಕೂ ಇನ್ನೊಂದು ಪ್ರತಿ ಇದ್ದರೆ ಆ ಭಯವಿಲ್ಲ. ಹಳಬರು ಇದಕ್ಕೆ ಒಂದು ಗಟ್ಟಿ ತಕರಾರು ತೆಗೆಯುತ್ತಾರೆ: ಕ್ಯಾನನ್ 5ಡಿ ಮಾರ್ಕ್ ಟೂ 2008ರಲ್ಲಿ ಬಂದಾಗ ಅದಕ್ಕೂ ಒಂದೇ ಕಿಂಡಿ, ಅದರಲ್ಲೇ ಊರೂರ ಮದುವೆ ಆಗಲಿಲ್ಲವೆ? ರೀಲಿನ ಕಾಲದಲ್ಲಂತೂ ಎರಡನೇ ಪ್ರತಿಯೇ ಇರಲಿಲ್ಲ. ನಿಜ. ಆದರೆ ಒಂದು ರೀಲು ಕೆಟ್ಟರೆ ಹೋಗುತ್ತಿದ್ದದ್ದು 36 ಚಿತ್ರ. ಸುರಗಿಯದು ಹೋದರೂ ತಾಳಿಯದು ಉಳಿಯುತ್ತಿತ್ತು. ಒಂದೇ ಕಾರ್ಡು ಅರಿಷಿಣದಿಂದ ಹಿಡಿದು ಹುಡುಗಿ ಕಳಿಸುವವರೆಗೂ ಒಟ್ಟಿಗೆ ನುಂಗುತ್ತದೆ. ಕ್ಯಾನನ್‌ನವರೇ 2012ರ ಮಾರ್ಕ್ ತ್ರೀಗೆ ಎರಡನೇ ಕಿಂಡಿ ಕೊರೆದರು. 2017ರ 6ಡಿ ಮಾರ್ಕ್ ಟೂಗೆ ಮತ್ತೆ ಒಂದನ್ನೇ ಕೊಟ್ಟರು. ಒಳ್ಳೆಯ ಕ್ಯಾಮೆರಾ, ಜಾತ್ರೆಗೆ ಒಯ್ಯಿರಿ.

ಉಳಿದದ್ದು ಮರ್ಯಾದೆಯ ಪ್ರಶ್ನೆ. ಸಣ್ಣ ಮಿರರ್‌ಲೆಸ್ ನೋಡಿದವರು "ಇಷ್ಟೇ ಏನ್ರೀ?" ಎನ್ನುತ್ತಾರೆ. ಇದಕ್ಕೆ ತರ್ಕದ ಉತ್ತರವಿಲ್ಲ, ಬ್ಯಾಟರಿ ಗ್ರಿಪ್ ಎಂಬ ಉತ್ತರವಿದೆ: ಎರಡು ಬ್ಯಾಟರಿ ಹಿಡಿಸುತ್ತದೆ, ಕ್ಯಾಮೆರಾ ದಪ್ಪವಾಗುತ್ತದೆ, ಬೀಗರು ತಣ್ಣಗಾಗುತ್ತಾರೆ. ಹೊಸದಾಗಿ ಕಸುಬಿಗೆ ಇಳಿಯುವವರಿಗೆ ನನ್ನ ತೀರ್ಪು, ಸುಸ್ಥಿತಿಯಲ್ಲಿರುವ ಹಳೆಯ ಡಿ750. ಉಳಿದ ದುಡ್ಡಿಗೆ ಎಫ್ 2.8 ಲೆನ್ಸ್ ತನ್ನಿ. ತಂದ ದಿನವೇ ಮೆನು ತೆರೆದು ಎರಡನೇ ಕಾರ್ಡನ್ನು 'ಬ್ಯಾಕಪ್'ಗೆ ಹಾಕಿ. 'ಓವರ್‌ಫ್ಲೋ'ದಲ್ಲೇ ಬಿಟ್ಟರೆ ಅದು ಮೊದಲನೇ ಕಾರ್ಡು ತುಂಬುವವರೆಗೆ ಸುಮ್ಮನೆ ಕೂತಿರುತ್ತದೆ.