ಪೆಡಲು ಮೆತ್ತಗಾದಾಗ

"ಬ್ರೇಕು ತುಳುದ್ರೆ ನೆಂದ ಗೋಣಿಚೀಲ ತುಳ್ದಂಗಾಯ್ತದೆ ಕಣಯ್ಯ" ಅಂದರು ಬೇಲಿಯಾಚೆಯಿಂದ ಭಾವ. "ಎರಡು ಸಲ ಪಂಪ್ ಹೊಡುದ್ರೆ ನಿಲ್ತದೆ. ನಾಳೆ ಕಬ್ಬು ಸಾಗ್ಸಿ ಆಮೇಲೆ ನೋಡ್ತೀನಿ."

ಕುಡುಗೋಲು ಬದುವಿನ ಮೇಲಿಟ್ಟು ಆಚೆಗೆ ಹೋದೆ. "ಬೇಡಿ ಭಾವ. ಕೆರೆ ಏರಿ ಇಳಿಯೋವಾಗ ಹಿಂದಿನಿಂದ ಕಬ್ಬಿನ ಟ್ರೇಲರ್ ನೂಕ್ತಿರ್ತದೆ. ಎರಡನೇ ಸಲ ತುಳಿಯೋಕೆ ಟೈಮ್ ಎಲ್ಲಿರ್ತದೆ?"

ಭಾವನದು ಹಳೇ ಝೀಟರ್ ಟ್ರ್ಯಾಕ್ಟರ್. ನಮ್ಮ ಬೆಂಗಳೂರಿನ ಎಚ್‌ಎಂಟಿಯವರು ಜೆಕೊಸ್ಲೊವಾಕಿಯದವರ ಜೊತೆ ಸೇರಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಮಾಡುತ್ತಿದ್ದ ಗಾಡಿ. ಇದರ ಬ್ರೇಕು ಹಿಡಿಯುವುದು ಎಣ್ಣೆಯ ಒತ್ತಡದಿಂದ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಗುಳ್ಳೆ ಸೇರಿಕೊಂಡರೆ ಕಾಲಿನ ಬಲವೆಲ್ಲ ಅದನ್ನು ಅಮುಕುವುದಕ್ಕೇ ಹೋಗುತ್ತದೆ, ಬ್ರೇಕ್ ಶೂವರೆಗೆ ಮುಟ್ಟುವುದಿಲ್ಲ.

"ಗಾಳಿ ತೆಗ್ಸಿ ಇನ್ನೂ ತಿಂಗ್ಳಾಗಿಲ್ವಲ್ಲ!"

ಅಲ್ಲೇ ಇರುವುದು ವಿಷಯ. ಗಾಳಿ ಸುಮ್ಮನೆ ಒಳಗೆ ಬರುವುದಿಲ್ಲ. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು, ಅಂದರೆ ಎಲ್ಲೋ ಹೊರಗೆ ಸೋರುತ್ತಿದೆ. ಎಣ್ಣೆ ಕಡಿಮೆಯಾಗದೆಯೇ ಪೆಡಲು ನಿಧಾನಕ್ಕೆ ಇಳಿದಿದ್ದರೆ ಮೊದಲು ಮಾಸ್ಟರ್ ಸಿಲಿಂಡರ್ ವಾಷರನ್ನೇ ಅನುಮಾನಿಸುತ್ತಿದ್ದೆ. ಎಡಗಡೆ ಡ್ರಮ್ಮಿನ ಕೆಳಗೆ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಬಿಚ್ಚಿ, ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಸರಿಸಿದ ಕೂಡಲೇ ಬೆರಳಿಗೆ ಎಣ್ಣೆ ಇಳಿಯಿತು. ವಾಷರಿನ ಅಂಚು ಸವೆದಿತ್ತು, ಒಳಗೋಡೆಯಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ತುಕ್ಕಿನ ಗುಳಿಗಳು. ಇದಕ್ಕೆ ಹಾಕುವ ಡಾಟ್ 3 ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ತುಕ್ಕು ಅದರಿಂದಲೇ. ಹೊಸದು ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದದ್ದಕ್ಕೆ 140 ಡಿಗ್ರಿಯೇ ಸಾಕಾಗಬಹುದು, ಕುದಿದರೆ ಮತ್ತೆ ಗುಳ್ಳೆಯೇ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಅಂತ ಕಂಡವರಿಗೆಲ್ಲ ಹೇಳುತ್ತೇನೆ. ಅಂಗಡಿ ದೂರ ಅಂತ ಇಂಜಿನ್ ಆಯಿಲ್ ಸುರಿಯುವವರನ್ನು ಕಂಡರೆ ನನಗೆ ಎದೆ ಧಸಕ್ ಅನ್ನುತ್ತದೆ. ಅದು ಬಿದ್ದರೆ ಇದರ ವಾಷರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಗುಳಿ ಬಿದ್ದ ಸಿಲಿಂಡರಿಗೆ ಬರೀ ವಾಷರ್ ಕಿಟ್ ಹಾಕಿದರೆ ಮತ್ತೆ ಸೋರುತ್ತದೆ. ಪೇಟೆಯಿಂದ ಹೊಸದೇ ತರಿಸಿದೆವು.

ಸಂಜೆ ಭಾವ ಸೀಟಿನ ಮೇಲೆ, ನಾನು ಚಕ್ರದ ಪಕ್ಕ. ಗಾಳಿ ಬಿಡುವ ನಿಪ್ಪಲಿಗೆ ತೆಳ್ಳನೆ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯ ಎಣ್ಣೆಯೊಳಗೆ ಮುಳುಗಿಸಿದೆ. "ತುಳೀರಿ. ಹಂಗೇ ಹಿಡ್ಕಳಿ." ನಿಪ್ಪಲು ಕಾಲು ಸುತ್ತು ಸಡಿಲಿಸಿದೆ. ಬುಸ್ಸೆಂದು ನೊರೆ. ಬಿಗಿ ಮಾಡಿದ ಮೇಲೆಯೇ "ಈಗ ಬುಡಿ." ಮೊದಲು ಬಂದದ್ದು ಟೀ ಡಿಕಾಕ್ಷನ್ ಬಣ್ಣ. ಹತ್ತನೇ ಸಲಕ್ಕೂ ಗುಳ್ಳೆ ಮಣಿ ಪೋಣಿಸಿದಂತೆ ಬರುತ್ತಲೇ ಇತ್ತು. ಮಧ್ಯೆ ಮಧ್ಯೆ ಡಬ್ಬಿ ತುಂಬಿಸಿದೆವು, ಅದು ಬರಿದಾದರೆ ಮತ್ತೆ ಗಾಳಿ ಹೊಕ್ಕು ಮೊದಲಿಂದ ಶುರು. ಆಮೇಲೆ ತಿಳಿಯಾದ ಎಣ್ಣೆ ಒಂದೇ ಧಾರೆಯಾಗಿ ಬಂತು. ಬಲಗಡೆಗೂ ಹಾಗೇ ಮಾಡಿದೆವು.

ಭಾವ ತುಳಿದು ನೋಡಿದರು. "ಕಲ್ಲು ತುಳ್ದಂಗದೆ!"

ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಇರುವ ಎರಡೂ ಬ್ರೇಕ್ ಪೆಡಲು ಸೇರಿಸುವ ಕೊಂಡಿ ಒಂದು ಪಕ್ಕಕ್ಕೆ ನೇತಾಡುತ್ತಿತ್ತು. ಹೊಲದಲ್ಲಿ ತಿರುಗಿಸುವಾಗ ಬಿಚ್ಚಿದ್ದನ್ನು ರೋಡಿಗೆ ಬಂದಾಗ ಹಾಕುವುದೇ ಬಿಟ್ಟಿದ್ದರು. ರೋಡಿನ ವೇಗದಲ್ಲಿ ಒಂದೇ ಚಕ್ರ ಹಿಡಿದರೆ ಗಾಡಿ ಪಲ್ಟಿಯಾಗಬಹುದು. ತುಕ್ಕಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಅಲ್ಲಾಡಿಸಿದೆ. ಭಾವ ತಾವೇ ಬಗ್ಗಿ ಕೊಂಡಿ ಸಿಕ್ಕಿಸಿದರು.