ಆಂಡರ್ಸನ್‌ಪೇಟೆಯ ಸಹಲಯ ಮೀಮಾಂಸೆ

ವಿಷಯ: ಯಾರೂ ಹೇಳದೆ ಹಲವರು ಒಂದೇ ತಾಳಕ್ಕೆ ಬೀಳುವುದು ಸಹಲಯ. 1665ರಲ್ಲಿ ಹಾಸಿಗೆ ಹಿಡಿದಿದ್ದ ವಿಜ್ಞಾನಿ ಹೈಗೆನ್ಸ್, ಒಂದೇ ತೊಲೆಗೆ ತೂಗುಬಿಟ್ಟ ಎರಡು ಗಡಿಯಾರಗಳ ಲೋಲಕಗಳು ತಾವಾಗಿಯೇ ರಾಜಿಯಾದದ್ದನ್ನು ಕಂಡ. ನಮ್ಮಲ್ಲಿ ತೊಲೆಯ ಕೆಲಸವನ್ನು ಸಾಲುಮನೆಯ ನಡುಗೋಡೆ ಮಾಡುತ್ತದೆ. ಈಚೆ ಬಿಂದಿಗೆ ಸದ್ದಾದರೆ ಆಚೆ ಒಲೆ ಹೊತ್ತುತ್ತದೆ. ಹೈಗೆನ್ಸ್ ಇಲ್ಲಿ ಬಾಡಿಗೆಗಿದ್ದಿದ್ದರೆ ಗಡಿಯಾರದ ಖರ್ಚು ಉಳಿಯುತ್ತಿತ್ತು.

ವಿಧಾನ: ಜೇಬಿನ ಮೊಬೈಲು ಮೈಯ ಕುಲುಕಾಟವನ್ನು ಅಳೆಯುತ್ತದೆ. ಎರಡು ಹೆಜ್ಜೆಯನ್ನು ಒಂದು ಸುತ್ತೆಂದು ಹಿಡಿದು, ಪ್ರತಿಯೊಬ್ಬರ ಹೆಜ್ಜೆ ಆ ಸುತ್ತಿನಲ್ಲಿ ಎಲ್ಲಿದೆ ಎಂಬುದನ್ನು ಭೌತವಿಜ್ಞಾನಿ ಕುರಮೋಟೊ 1975ರಲ್ಲಿ ಕೊಟ್ಟ ಸಹಲಯದ ಗಣಿತಕ್ಕೆ ಉಣಿಸಿದರೆ, ಸೊನ್ನೆ ಮತ್ತು ಒಂದರ ನಡುವೆ ಒಂದು ಅಂಕಿ ಹೊರಬೀಳುತ್ತದೆ. ಸೊನ್ನೆಯೆಂದರೆ ಸಂತೆ, ಒಂದೆಂದರೆ ಕವಾಯತು.

ಪ್ರಯೋಗ: ಮೆರವಣಿಗೆಯಲ್ಲಿ ತಮಟೆ ಬಿದ್ದೊಡನೆ ಸಾಲ ಕೊಟ್ಟವರೂ ತಲೆತಪ್ಪಿಸಿಕೊಂಡಿದ್ದವರೂ ಒಂದೇ ಹೆಜ್ಜೆಗೆ ಬಂದರು. ತಮಟೆ ನಿಂತೊಡನೆ ಅಂಕಿ ಕುಸಿಯಿತು. ಒಬ್ಬರ ವೇಗ ಮಾತ್ರ ವಿಪರೀತ ಏರಿತು.

ಪೂರ್ವಪಕ್ಷ: ಈ ಊರಿಗೆ ತಾಳ ಕೊಡುತ್ತಿದ್ದದ್ದು ಚಿನ್ನದ ಗಣಿಯ ಸೈರನ್. ಪಾಳಿಯ ಕೂಗಿಗೆ ಮನೆಮನೆಯ ಬಾಗಿಲು ತೆರೆದು, ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಜನ ಇಳಿಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ತಾಳವಿಲ್ಲದ ಮೇಲೆ ಮೇಳವೆಲ್ಲಿಯದು?

ಸಿದ್ಧಾಂತ: ಅದು ಸಲ್ಲದು. ನಸುಕಿನಲ್ಲಿ ಮಾರಿಕುಪ್ಪಂ ನಿಲ್ದಾಣದ ದಾರಿಯಲ್ಲಿ ಅಳೆದಾಗ ಅಂಕಿ ಒಂದನ್ನು ಮುಟ್ಟುವಷ್ಟರಲ್ಲಿತ್ತು. ಮುಟ್ಟದಿದ್ದುದಕ್ಕೆ ಕಿತ್ತುಹೋದ ಒಂದು ಚಪ್ಪಲಿ ಕಾರಣ. ಬೆಂಗಳೂರಿನ ರೈಲೇ ಹೊಸ ಸೈರನ್. ಮೊದಲು ಊರು ಕೆಳಕ್ಕೆ ಇಳಿಯುತ್ತಿತ್ತು, ಈಗ ಅಡ್ಡಡ್ಡ ಹೋಗುತ್ತದೆ. ಎರಡರಲ್ಲೂ ಚಿನ್ನ ಬೇರೆಯವರದು.

ಉಪಸಿದ್ಧಾಂತ: ಸಂಜೆ ಬಂಗಾರಪೇಟೆಯಲ್ಲಿ, ತಿಳಿನೀರಿನ ಪಾನಿಪುರಿಯ ಸುತ್ತ ತಟ್ಟೆ ಹಿಡಿದು ನಿಂತವರೆಲ್ಲ ಹಂಚುವ ಕೈಗೆ ಬಾಯಿ ಹೊಂದಿಸುತ್ತಾರೆ. ಮಾತಿಗೆ ನಿಂತವರ ಲಯ ತಪ್ಪುತ್ತದೆ, ತಟ್ಟೆ ತುಂಬಿರುತ್ತದೆ.

ದೋಷ: ಒಬ್ಬ ಅಜ್ಜನ ದತ್ತಾಂಶ ಯಾವುದಕ್ಕೂ ಹೊಂದಲಿಲ್ಲ. ರೈಲಿಗೆ ಬಹಳ ಮುಂಚೆಯೇ ಎದ್ದು, ಅಂಗಿ ತೊಟ್ಟು, ಬಾಗಿಲವರೆಗೆ ನಡೆದು ಜಗಲಿಯಲ್ಲಿ ಕೂರುತ್ತಾರೆ. ದಿನವೂ ಅದೇ ಹೊತ್ತು. ಪ್ರೇರಕ ಶಬ್ದ ಯಾವುದೂ ಮೈಕಿಗೆ ಸಿಕ್ಕಿಲ್ಲ. ಕಂಪ್ಯೂಟರ್ ಇದನ್ನು ಗದ್ದಲವೆಂದು ಗುರುತಿಸಿ, ಅಳಿಸಲೇ ಎಂದು ಕೇಳುತ್ತಿದೆ. ಅಳಿಸಿದರೆ ನಕ್ಷೆ ಅಂದವಾಗುತ್ತದೆ.

ಪ್ರಬಂಧ ಒಪ್ಪಿಸುವ ಗಡುವು ಮುಗಿದಿದೆ. ಇನ್ನೂ ಗುಂಡಿ ಒತ್ತಿಲ್ಲ.